ಆಗಲಿ, ಇರಲಿ, ಅನ್‌ಫಾರ್ಚುನೇಟ್ಲಿ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಯಾವುದಾದರೂ ಪ್ರಗತಿ ಪರಿಶೀಲನಾ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ಕೆಲಸ ಆಗಿದ್ದರೆ ಅಧಿಕಾರಿ ಅಚ್ಚಗನ್ನಡದಲ್ಲಿ ಹೇಳುತ್ತಾರೆ: ‘ನಾವು ಮಾಡಿದ್ದೇವೆ ಸರ್.’ ಆಗಿಲ್ಲದಿದ್ದರೆ ಕುರ್ಚಿ ಸರಿಸಿ ಎದ್ದು, ಗಂಟಲು ಸರಿಮಾಡಿಕೊಂಡು, ‘ಅನ್‌ಫಾರ್ಚುನೇಟ್ಲಿ’ ಎಂದು ಶುರುಮಾಡುತ್ತಾರೆ. ಅಲ್ಲಿಂದ ಮುಂದೆ ಆ ವಾಕ್ಯದಲ್ಲಿ ಕರ್ತೃಪದ ಹುಡುಕಿದರೂ ಸಿಗುವುದಿಲ್ಲ. ಟೆಂಡರ್ ತಾನೇ ತಡವಾಗಿರುತ್ತದೆ. ಪೈಪು ತಾನೇ ಒಡೆದಿರುತ್ತದೆ. ಅನುದಾನವಂತೂ ಮಾರ್ಚ್ 31ರ ರಾತ್ರಿ ಯಾರಿಗೂ ಹೇಳದೆ ಎದ್ದು ಬೆಂಗಳೂರಿಗೆ ವಾಪಸು ಹೊರಟುಹೋಗಿರುತ್ತದೆ.

ಇದೆಲ್ಲ ಆ ಪದದೊಳಗೇ ಕುಳಿತಿರುವ ಫಾರ್ಚುನಾ ದೇವಿಯ ಕೃಪೆ. ರೋಮನ್ನರ ಅದೃಷ್ಟದೇವತೆ ಅವಳು. ಚಕ್ರ ತಿರುಗಿಸುವುದು ಅವಳ ಕೆಲಸ. ಅವಳಿಗೆ ಕಾರಣ ಕೇಳಿ ನೋಟಿಸ್ ಕೊಡುವಂತಿಲ್ಲ, ಅಮಾನತು ಮಾಡುವಂತಿಲ್ಲ, ಬೀದರಿಗೆ ವರ್ಗ ಮಾಡುವಂತೆಯೂ ಇಲ್ಲ. ಇಂಥ ನಿರುಪದ್ರವಿ ಆರೋಪಿ ನಮ್ಮ ಮುಕ್ಕೋಟಿ ದೇವತೆಗಳಲ್ಲಿ ಸಿಗಲಿಲ್ಲವೆಂದೇ ಹೊರಗಿನಿಂದ ತರಿಸಿಕೊಂಡಿರಬೇಕು.

ವಿಷಾದಕ್ಕೂ ದರ್ಜೆಗಳಿವೆ. ‘ಸ್ಯಾಡ್ಲಿ’ ಗುಮಾಸ್ತರ ಮಟ್ಟದ್ದು. ಅದರಿಂದ ಹೆಚ್ಚೆಂದರೆ ಒಂದು ಜಾತಿ ಪ್ರಮಾಣಪತ್ರ ತಡವಾದೀತು. ‘ಅನ್‌ಫಾರ್ಚುನೇಟ್ಲಿ’ ಎಂಜಿನಿಯರುಗಳ ಸ್ವತ್ತು. ‘ರಿಗ್ರೆಟಬ್ಲಿ’ ಜಿಲ್ಲಾ ಮಟ್ಟದಿಂದ ಮೇಲೆ. ‘ಮಿಸರಬ್ಲಿ’ ವಿರೋಧ ಪಕ್ಷಕ್ಕೆ ಕಾಯ್ದಿಟ್ಟದ್ದು, ಚುನಾವಣೆ ಗೆದ್ದ ದಿನವೇ ಅದನ್ನು ಸೋತವರಿಗೆ ಹಸ್ತಾಂತರಿಸಬೇಕು. ಇವೆಲ್ಲಕ್ಕೂ ಮಿಗಿಲಾದದ್ದು ‘ವೋಫುಲಿ’. ಅದು ಒಂಟಿಯಾಗಿ ಬರುವುದು ಅಪರೂಪ. ಬೆಣ್ಣೆ ದೋಸೆಯ ಮಗ್ಗುಲಲ್ಲಿ ಆಲೂಗಡ್ಡೆ ಪಲ್ಯ ಇರುವಂತೆ ಅದರ ಪಕ್ಕದಲ್ಲಿ ‘ಇನ್‌ಅಡಿಕ್ವೇಟ್’ ಇರಲೇಬೇಕು. ಹಾಸಿಗೆ ವೋಫುಲಿ ಇನ್‌ಅಡಿಕ್ವೇಟ್, ಸಿಬ್ಬಂದಿ ವೋಫುಲಿ ಇನ್‌ಅಡಿಕ್ವೇಟ್. ಆ ಪದದ ಬೇರು ಹಳೆಯ ಇಂಗ್ಲಿಷಿನ ಒಂದು ಉದ್ಗಾರ, ಹೆಚ್ಚುಕಡಿಮೆ ನಮ್ಮ ‘ಅಯ್ಯೋ’. ಆದರೆ ಕಡತದಲ್ಲಿ ಅಯ್ಯೋ ಎಂದು ಬರೆಯಲಾಗುತ್ತದೆಯೇ? ‘ಸಾಲದು’ ಎಂದಷ್ಟೇ ಬರೆದರೆ ಎಷ್ಟು ಸಾಲದು, ಯಾವಾಗಿನಿಂದ ಸಾಲದು ಎಂದು ಯಾರಾದರೂ ಕೇಳಿಯಾರು. ವೋಫುಲಿ ಎಂದ ಮೇಲೆ ಲೆಕ್ಕ ಕೇಳುವುದು ಸೂತಕದ ಮನೆಯಲ್ಲಿ ಬಾಕಿ ವಸೂಲಿಗೆ ನಿಂತಷ್ಟು ಅಸಭ್ಯ.

ನಮ್ಮ ಸೀಮೆಯಲ್ಲಿ ಈ ಬೆಳೆ ಇಷ್ಟು ಹುಲುಸಾಗಿರುವುದಕ್ಕೆ ಮಣ್ಣೂ ಕಾರಣ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗ 2011–12ರ ರೈಲ್ವೆ ಬಜೆಟ್ಟಿನ ಮಾತು. ಅಂದು ಹುಟ್ಟಿದ ಮಕ್ಕಳು ಎಸ್ಸೆಸ್ಸೆಲ್ಸಿ ಮುಟ್ಟುವ ಹೊತ್ತಾದರೂ ಬೆಂಗಳೂರಿಗೆ ಹೊರಟ ದುರ್ಗದವರಿಗೆ ರೈಲೆಂದರೆ ಚಿಕ್ಕಜಾಜೂರು, ಬೀರೂರು, ಅರಸೀಕೆರೆಯ ಪ್ರದಕ್ಷಿಣೆಯೇ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಎಂದು ಕೇಂದ್ರ ಬಜೆಟ್ಟಿನಲ್ಲಿ ಓದಿದ್ದು 2023ರ ಫೆಬ್ರವರಿಯಲ್ಲಿ. ಆಮೇಲೆ ಹಣ ಎಲ್ಲಿ ಎಂದು ಕೇಳಿದರೆ ದೆಹಲಿ ‘ಅನ್‌ಫಾರ್ಚುನೇಟ್ಲಿ, ರಾಜ್ಯ...’ ಎನ್ನುತ್ತದೆ, ಬೆಂಗಳೂರು ‘ಅನ್‌ಫಾರ್ಚುನೇಟ್ಲಿ, ಕೇಂದ್ರ...’ ಎನ್ನುತ್ತದೆ. ಒಕ್ಕೂಟ ವ್ಯವಸ್ಥೆಯಲ್ಲಿ ಇಷ್ಟು ಭಾಷಾ ಸಾಮರಸ್ಯ ಇನ್ನೆಲ್ಲಿಯೂ ಕಾಣಲಿಲ್ಲ.

ಈ ಪದಗಳನ್ನು ಪರಕೀಯ ಎಂದು ಹೋರಾಟಕ್ಕೆ ಇಳಿಯಲು ಹೊರಟವರಿಗೆ ಒಂದು ಕಿವಿಮಾತು: ಬಾಲ ನೋಡಿ. ಎಲ್ಲವೂ ‘ಲಿ’ಯಲ್ಲಿ ಮುಗಿಯುತ್ತವೆ. ಅರ್ಜಿ ಹಿಡಿದು ಕಚೇರಿಗೆ ಹೋದವರಿಗೆ ನಾವು ತಲೆಮಾರುಗಳಿಂದ ಕೊಡುತ್ತ ಬಂದಿರುವುದೂ ಅದನ್ನೇ ಅಲ್ಲವೇ? ಆಗಲಿ. ಇರಲಿ. ಸಾಹೇಬರು ಬರಲಿ. ಮೇಲಿನಿಂದ ಆದೇಶ ಬರಲಿ. ಬಜೆಟ್ ಆಗಲಿ, ಚುನಾವಣೆ ಮುಗಿಯಲಿ. ಅನ್‌ಫಾರ್ಚುನೇಟ್ಲಿ ಈ ಮನೆತನದ ಕೂಸೇ. ಕಾನ್ವೆಂಟಿನಲ್ಲಿ ಓದಿದೆ, ಅಷ್ಟೇ.

ಅಭ್ಯಾಸ ಎಷ್ಟು ಆಳಕ್ಕಿಳಿದಿದೆಯೆಂದರೆ ಒಳ್ಳೆಯ ಸುದ್ದಿಗೂ ಅದೇ ಬಾಯಿಗೆ ಬರಬಹುದು. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಹಿರಿಯೂರಿನ ಜನ ಬಾಗಿನ, ಫೋಟೋ ಎಂದು ಸಂಭ್ರಮಿಸಿದರು. ಆ ಹೊತ್ತಿನಲ್ಲಿ ಯಾವುದೋ ಕಚೇರಿಯ ಮೂಲೆಯಲ್ಲಿ ಒಬ್ಬರು ‘ಅನ್‌ಫಾರ್ಚುನೇಟ್ಲಿ, ಜಲಾಶಯ ಭರ್ತಿಯಾಗಿದೆ’ ಎಂದು ಟಿಪ್ಪಣಿ ಬರೆದು, ಆಮೇಲೆ ನಾಲಿಗೆ ಕಚ್ಚಿಕೊಂಡು ಅಳಿಸಿರುತ್ತಾರೆಂದು ನನಗೆ ಬಲವಾದ ಗುಮಾನಿ.

ಪ್ರಗತಿ ವರದಿಯ ನಮೂನೆಯಲ್ಲಿ ಈಗ ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ ಎಂಬ ಕಾಲಂಗಳಿವೆ. ಪಕ್ಕದಲ್ಲಿ ‘ವಿಷಾದ ಪ್ರಗತಿ’ ಎಂದು ಇನ್ನೊಂದನ್ನು ಸೇರಿಸಿದರೆ ಎರಡೂ ಜಿಲ್ಲೆಗಳು ಮೊದಲ ತ್ರೈಮಾಸಿಕದಲ್ಲೇ ವಾರ್ಷಿಕ ಗುರಿ ಮೀರಿ ಬಹುಮಾನ ಗೆದ್ದುಕೊಂಡು ಬರುತ್ತವೆ.

ಅಡ್ಡಿಯೆಂದರೆ ರೈತರು. ಭದ್ರಾ ನಾಲೆಯ ಕೊನೆ ಭಾಗದವರಿಗೆ ವ್ಯಾಕರಣದ ಗಂಧವಿಲ್ಲ. ಗದ್ದೆ ಬಿರುಕು ಬಿಟ್ಟಿದೆಯೆಂದು ದಾವಣಗೆರೆಗೆ ಬಂದು ಕುಳಿತ ಗುಂಪಿಗೆ ಅಧಿಕಾರಿಯೊಬ್ಬರು ಬಹಳ ಮರುಕದಿಂದಲೇ ತಿಳಿಸಿದರು: ‘ಅನ್‌ಫಾರ್ಚುನೇಟ್ಲಿ, ನೀರು ನಿಮ್ಮವರೆಗೆ ತಲುಪುತ್ತಿಲ್ಲ.’ ಹಿಂದೆ ನಿಂತಿದ್ದ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಮುಂದೆ ಬಂದರು.

‘ಅದು ಯಾವ ತೂಬು ಸ್ವಾಮಿ? ಎಲ್ಲಿದೆ ಹೇಳಿ. ಹೂಳು ತುಂಬಿದ್ದರೆ ನಾವೇ ಹೋಗಿ ತೆಗೆಯುತ್ತೇವೆ.’