ಎಮ್ಮೆಗೆ ಜ್ವರ, ಎತ್ತಿಗೆ ಬರೆ

ಅಮೆರಿಕದ ನಾಯಕರ ಜಗಳದಲ್ಲಿ ಸರ್ಕಾರವೇ ಮುಚ್ಚಿ ಸಾಮಾನ್ಯರು ಪಟ್ಟ ಪಾಡಿನ ಬಗ್ಗೆ ಎರಡು ತಿಂಗಳಿನಿಂದ ಹೊಟ್ಟೆಯಲ್ಲಿ ಕುದಿಯುತ್ತಿರುವುದನ್ನು ಇವತ್ತು ಬರೆದುಬಿಡುತ್ತೇನೆ. ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ನಾನಿರುವುದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ. ಇಲ್ಲಿ ಯಾವ ಬೀದಿಗೆ ಹೋದರೂ ಫೆಡರಲ್ (ಕೇಂದ್ರ) ಸರ್ಕಾರದ ಸಂಬಳದಲ್ಲಿ ಬದುಕುವ ಒಂದು ಮನೆಯಾದರೂ ಸಿಗುತ್ತದೆ. ನಮ್ಮ ಪಕ್ಕದ ಮನೆಯಾಕೆ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ತಪಾಸಣೆ ಮಾಡುವವರು. ಬೆಳಗಿನ ಮೂರೂವರೆಗೆ ಅವರ ಕಾರು ಹೊರಡುವ ಸದ್ದು ನನಗೆ ಅಭ್ಯಾಸವಾಗಿದೆ.

ಶನಿವಾರಗಳಂದು ನಾನು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಬಡವರಿಗೆ ದಿನಸಿ ಹಂಚುವ ಕೆಲಸಕ್ಕೆ ಹೋಗುತ್ತೇನೆ. ಒಂದು ಚೀಲಕ್ಕೆ ಎರಡು ಪೌಂಡ್ ಅಕ್ಕಿ, ಎರಡು ಡಬ್ಬಿ ಬೀನ್ಸ್, ಒಂದು ಬಾಟಲಿ ಕಡಲೆಕಾಯಿ ಬೆಣ್ಣೆ, ಒಂದು ಬ್ರೆಡ್. ಅಕ್ಟೋಬರ್ ಕೊನೆಯ ವಾರ ಚೀಲ ತುಂಬಿಸುತ್ತಾ ತಲೆ ಎತ್ತಿದಾಗ ಸಾಲಿನಲ್ಲಿ ಪಕ್ಕದ ಮನೆಯಾಕೆ ನಿಂತಿದ್ದರು. ಕೆಲಸದಿಂದ ನೇರವಾಗಿ ಬಂದಿದ್ದರು. ಒಳಗಿನ ನೀಲಿ ಸಮವಸ್ತ್ರ ಕಾಣದಿರಲೆಂದು ಜಾಕೆಟ್ಟಿನ ಜಿಪ್ಪನ್ನು ಗಂಟಲಿನವರೆಗೆ ಎಳೆದುಕೊಂಡಿದ್ದರು. ಚೀಲ ಕೊಡುವಾಗ ನನ್ನ ಮುಖ ನೋಡದೆ, "ಸಂಬಳ ಬಂದ ಮೇಲೆ ಇದನ್ನು ತಂದುಕೊಡುತ್ತೇನೆ" ಎಂದರು. ವಾಪಸ್ ಕೊಡುವ ಪದ್ಧತಿ ಅಲ್ಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಕೆ ಕೆಲಸ ಕಳೆದುಕೊಂಡವರಲ್ಲ. ದಿನವೂ ದುಡಿಯುತ್ತಿದ್ದರು. ಸಂಬಳ ಮಾತ್ರ ಬರುತ್ತಿರಲಿಲ್ಲ.

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಖರ್ಚಿನ ಹಣ ಮಂಜೂರಾಗದೆ ಈ ದೇಶದ ಸರ್ಕಾರಕ್ಕೆ ಬೀಗ ಬಿದ್ದಿತ್ತು. ಇಲ್ಲಿನ ಅಲ್ಲಿಯವರೆಗಿನ ಇತಿಹಾಸದಲ್ಲೇ ಅತಿ ದೀರ್ಘವಾದ ಶಟ್‌ಡೌನ್. ಲಕ್ಷಾಂತರ ನೌಕರರು ಮನೆಯಲ್ಲಿ ಕುಳಿತರು, ಇನ್ನೂ ಲಕ್ಷಾಂತರ ಜನ ಸಂಬಳವಿಲ್ಲದೆ ದುಡಿದರು. ವಿಮಾನ ಸಂಚಾರ ನಿಯಂತ್ರಕರು ಬರಿಗೈಯಲ್ಲಿ ಪಾಳಿ ಮಾಡಿ ಸೋತಾಗ, ನವೆಂಬರ್‌ನಲ್ಲಿ 40 ನಿಲ್ದಾಣಗಳ ವಿಮಾನ ಸಂಚಾರವನ್ನೇ ಕಡಿತಗೊಳಿಸಬೇಕಾಯಿತು. ಸುಮಾರು 4.2 ಕೋಟಿ ಜನ ದಿನಸಿಗೆ ನೆಚ್ಚಿಕೊಂಡಿರುವ ಸರ್ಕಾರಿ ನೆರವು ನವೆಂಬರ್ ಮೊದಲ ದಿನವೇ ನಿಂತಿತು. ನಮ್ಮ ನೆಲಮಾಳಿಗೆಯ ಸಾಲು ಚರ್ಚಿನ ಕಾರು ನಿಲುಗಡೆ ದಾಟಿ ರಸ್ತೆಗೆ ಬಂತು. ಮಕ್ಕಳನ್ನು ಸ್ವೆಟರಿನಲ್ಲಿ ಸುತ್ತಿಕೊಂಡು ತಾಯಂದಿರು ಬೆಳಗಿನ ಆರು ಗಂಟೆಯಿಂದ ನಿಲ್ಲುತ್ತಿದ್ದರು.

ಆ ಅವಧಿಯಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರ ಸಂಬಳ ನಿಲ್ಲಲಿಲ್ಲ. ವರ್ಷಕ್ಕೆ 1,74,000 ಡಾಲರ್. ಕೆಲವರು ತಮ್ಮ ಸಂಬಳ ತಡೆಹಿಡಿಯಿರಿ ಎಂದು ತಾವಾಗಿಯೇ ಕೇಳಿಕೊಂಡರು, ಅವರಿಗೆ ನಮಸ್ಕಾರ. ಆದರೆ ಸ್ಪೀಕರ್ ಮೈಕ್ ಜಾನ್ಸನ್ ಅವರ ಪ್ರತಿನಿಧಿ ಸಭೆ (ಕೆಳಮನೆ) ಸೆಪ್ಟೆಂಬರ್ 19ರಂದು ಮತ ಹಾಕಿ ಎದ್ದು ಹೋದದ್ದು, ಮತ್ತೆ ಮತ ಹಾಕಲು ಸೇರಿದ್ದು ನವೆಂಬರ್ 12ಕ್ಕೆ. ಮನೆಗೆ ಬೆಂಕಿ ಬಿದ್ದಾಗ ಯಜಮಾನ ಊರಲ್ಲೇ ಇಲ್ಲದಿದ್ದರೆ ಏನೆನ್ನಬೇಕು?

ಭಾರತದಲ್ಲಿರುವ ಗೆಳೆಯರು ಸರ್ಕಾರ ಮುಚ್ಚುವುದೆಂದರೇನು ಎಂದು ಕೇಳುತ್ತಾರೆ. ನಮ್ಮ ಸಂಸದೀಯ ಪದ್ಧತಿಯಲ್ಲಿ ಲೋಕಸಭೆ ಹಣ ಕೊಡಲು ಒಪ್ಪದಿದ್ದರೆ ಬೀಳುವುದು ಮಂತ್ರಿಮಂಡಲ. ಬಜೆಟ್ ತಡವಾದರೆ ಲೇಖಾನುದಾನವಿದೆ. ಇಲ್ಲಿ ಹಣದ ಮಸೂದೆ ಬಿದ್ದರೆ ಮೇಲಿನವರ ಕುರ್ಚಿ ಅಲುಗುವುದಿಲ್ಲ, ಕೆಳಗಿನ ನೌಕರನ ಒಲೆ ಆರುತ್ತದೆ. ಇದು ಸಂವಿಧಾನ ಬರೆದವರು ಇಟ್ಟ ವ್ಯವಸ್ಥೆಯೂ ಅಲ್ಲ. 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟಿ ಹಳೆಯ ಕಾನೂನೊಂದಕ್ಕೆ ಕಟ್ಟುನಿಟ್ಟಿನ ಅರ್ಥ ಕೊಟ್ಟ ಮೇಲೆ ಶುರುವಾದದ್ದು. ಅದಕ್ಕೂ ಮುಂಚೆ ಹಣ ಮಂಜೂರಾಗುವುದು ತಡವಾದರೂ ಕಚೇರಿಗಳು ನಡೆಯುತ್ತಿದ್ದವು. ಎರಡೂ ಪಕ್ಷಗಳು ಮನಸ್ಸು ಮಾಡಿದರೆ ಒಂದು ಪುಟದ ಕಾನೂನಿನಿಂದ ಇದನ್ನು ಶಾಶ್ವತವಾಗಿ ನಿಲ್ಲಿಸಬಹುದು. ನಲವತ್ತೈದು ವರ್ಷಗಳಲ್ಲಿ ಮನಸ್ಸು ಮಾಡಿಲ್ಲ.

ಜಗಳದ ಕಾರಣ ಸಣ್ಣದಾಗಿರಲಿಲ್ಲ, ಒಪ್ಪುತ್ತೇನೆ. ಆರೋಗ್ಯ ವಿಮೆಗೆ 2021ರಿಂದ ಸಿಗುತ್ತಿದ್ದ ಹೆಚ್ಚುವರಿ ಸಹಾಯಧನ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಿ ಎಂಬುದು ಡೆಮಾಕ್ರಾಟರ ಹಟ, ಮೊದಲು ಸರ್ಕಾರ ತೆರೆಯಿರಿ ಎಂಬುದು ರಿಪಬ್ಲಿಕನ್ನರ ಹಟ. ಮೇಲ್ಮನೆಯಾದ ಸೆನೆಟ್‌ನಲ್ಲಿ 60 ಮತ ಬೇಕು. ಕೊನೆಗೆ ಡೆಮಾಕ್ರಾಟರ ಬಣದಿಂದ ಎಂಟು ಮಂದಿ ಈಚೆ ಬಂದರು, 60–40ರಲ್ಲಿ ಸರ್ಕಾರ ತೆರೆಯುವ ಮಸೂದೆ ಪಾಸಾಯಿತು. ಬದಲಿಗೆ ಸಿಕ್ಕಿದ್ದು ಸಹಾಯಧನದ ಮೇಲೆ ಮತ ಹಾಕುತ್ತೇವೆಂಬ ಭರವಸೆ. ಡಿಸೆಂಬರ್‌ನಲ್ಲಿ ಮತ ಹಾಕಿದರು. ಡೆಮಾಕ್ರಾಟರ ಮಸೂದೆಯೂ ಬಿತ್ತು, ರಿಪಬ್ಲಿಕನ್ನರ ಮಸೂದೆಯೂ ಬಿತ್ತು. ಹಾಗಾದರೆ ಪಕ್ಕದ ಮನೆಯಾಕೆ ಆ ಸಾಲಿನಲ್ಲಿ ನಿಂತದ್ದು ಯಾವುದಕ್ಕಾಗಿ?

ಇಪ್ಪತ್ತನಾಲ್ಕು ವರ್ಷ ಇಲ್ಲಿದ್ದು, ಎರಡೂ ಪಕ್ಷಗಳಿಗೆ ಒಂದಲ್ಲ ಒಂದು ಸಲ ಮತ ಹಾಕಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಈ ನಾಯಕರಿಗೆ ಪರಿಹಾರಕ್ಕಿಂತ ಸಮಸ್ಯೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಾಸಿಯಾದ ಗಾಯವನ್ನು ತೋರಿಸಿ ಮತ ಕೇಳಲು ಬರುವುದಿಲ್ಲ.

ಮೆಕ್ಸಿಕೊ ಗಡಿ ದಾಟಿ ಬರುವ ವಲಸಿಗರ ವಿಷಯ ನೋಡಿ. ಓಕ್ಲಹೋಮಾದ ರಿಪಬ್ಲಿಕನ್ ಸೆನೆಟರ್ ಜೇಮ್ಸ್ ಲ್ಯಾಂಕ್‌ಫರ್ಡ್, ಡೆಮಾಕ್ರಾಟ್ ಕ್ರಿಸ್ ಮರ್ಫಿ, ಪಕ್ಷೇತರ ಸದಸ್ಯೆ ಕಿರ್ಸ್ಟನ್ ಸಿನೆಮಾ ತಿಂಗಳುಗಟ್ಟಲೆ ಕುಳಿತು ಒಂದು ಒಪ್ಪಂದ ಬರೆದರು. ಅದು ಹೊರಬಂದದ್ದು 2024ರ ಫೆಬ್ರವರಿಯಲ್ಲಿ. ಚುನಾವಣೆಯ ವರ್ಷ. ಟ್ರಂಪ್ ಬೇಡವೆಂದರು, ವಾರದೊಳಗೆ ಅದು ಸತ್ತಿತು. ಅದೇ ಗಡಿಯನ್ನು ಮುಂದಿಟ್ಟುಕೊಂಡು ನವೆಂಬರ್‌ವರೆಗೆ ಎರಡೂ ಪಕ್ಷದವರು ಭಾಷಣ ಮಾಡಿದರು.

ಇನ್ನೊಂದು ನಮ್ಮವರಿಗೆ ನೇರವಾಗಿ ತಟ್ಟಿದ್ದು. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇದೆ. ಹುಟ್ಟಿದ ದೇಶ ಭಾರತವೆಂಬ ಕಾರಣಕ್ಕೆ ದಶಕಗಟ್ಟಲೆ ಕಾಯಬೇಕು. ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಪ್ರತಿನಿಧಿ ಸಭೆಯಲ್ಲಿ 365–65ರಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನ ಆವೃತ್ತಿಯನ್ನು ಒಬ್ಬರ ವಿರೋಧವೂ ಇಲ್ಲದೆ ಒಪ್ಪಿತು. ಎರಡೂ ಸಭೆಗಳು, ಎರಡೂ ಪಕ್ಷಗಳು! ಎರಡು ಆವೃತ್ತಿಗಳನ್ನು ಹೊಂದಿಸುವ ಕೆಲಸವಷ್ಟೇ ಉಳಿದಿತ್ತು. ಅದನ್ನು ಯಾರೂ ಮಾಡಲಿಲ್ಲ, ಅವಧಿ ಮುಗಿದು ಮಸೂದೆ ಕಸವಾಯಿತು. ನನಗೆ ಗೊತ್ತಿರುವ ದಾವಣಗೆರೆಯ ದಂಪತಿಯ ಮಗಳು ಮೂರನೆಯ ವಯಸ್ಸಿನಿಂದ ಇಲ್ಲೇ ಬೆಳೆದವಳು, ಇಪ್ಪತ್ತೊಂದು ತುಂಬಿದ ದಿನ ಅಪ್ಪನ ವೀಸಾದ ಆಸರೆ ಕಳೆದುಕೊಂಡಳು. ಹುಟ್ಟುಹಬ್ಬದ ಕೇಕ್ ಕತ್ತರಿಸುವಾಗ ಆ ತಾಯಿ ಅಡುಗೆಮನೆಯಲ್ಲಿ ಅಳುತ್ತಿದ್ದರು.

ಇಷ್ಟಾದರೂ ಇವರು ಸೋಲುವುದಿಲ್ಲ. ಕಾಂಗ್ರೆಸ್ಸಿನ ಕೆಲಸವನ್ನು ಮೆಚ್ಚುವವರು ಐವರಲ್ಲಿ ಒಬ್ಬರೂ ಸಿಗುವುದು ಕಷ್ಟ, ಆದರೆ ಮತ್ತೆ ನಿಂತ ಹಾಲಿ ಸದಸ್ಯರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಗೆಲ್ಲುತ್ತಾರೆ. ಕ್ಷೇತ್ರದ ಗಡಿಗೆರೆ ಎಳೆಯುವವರು ಬಹುಪಾಲು ರಾಜ್ಯಗಳಲ್ಲಿ ರಾಜಕಾರಣಿಗಳೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಪಕ್ಷದ ಲಾಭಕ್ಕೆ ಗೆರೆ ಎಳೆದರೆ ಫೆಡರಲ್ ನ್ಯಾಯಾಲಯಗಳು ಏನೂ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಕೈ ತೊಳೆದುಕೊಂಡಿತು. 2025ರಲ್ಲಿ ಟೆಕ್ಸಸ್ ಐದು ಸೀಟುಗಳ ಆಸೆಗೆ ಹೊಸ ನಕ್ಷೆ ಬರೆಯಿತು, ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ ಜನರ ಮತ ಪಡೆದು ತಾನೂ ಐದು ಸೀಟುಗಳ ನಕ್ಷೆ ಬರೆಯಿತು. ಸುರಕ್ಷಿತ ಕ್ಷೇತ್ರದಲ್ಲಿ ಕುಳಿತವನಿಗೆ ಎದುರಾಳಿ ಪಕ್ಷದ ಭಯವಿಲ್ಲ, ತನ್ನದೇ ಪಕ್ಷದ ಒಳಚುನಾವಣೆಯ ಭಯವೊಂದೇ. ರಾಜಿ ಮಾಡಿಕೊಂಡವನು ಅಲ್ಲಿ ದ್ರೋಹಿ.

ಈ ವಿಷ ನಮ್ಮ ಮನೆಗಳಿಗೂ ಇಳಿದಿದೆ, ನನಗೆ ಹೆಚ್ಚು ನೋವಾಗಿರುವುದು ಅಲ್ಲಿ. ಈ ಸಲದ ರಾಜ್ಯೋತ್ಸವಕ್ಕೆ ಹೋಗಿದ್ದೆ. ನಮ್ಮ ಸಂಘದ ಇಬ್ಬರು ಹಿರಿಯರು ಮೂವತ್ತು ವರ್ಷ ಒಟ್ಟಿಗೆ ನಾಟಕ ಆಡಿಸಿದವರು. ಒಬ್ಬರ ಮಗನ ಮದುವೆಗೆ ಇನ್ನೊಬ್ಬರು ಮೈಸೂರಿನಿಂದ ರೇಷ್ಮೆ ಪೇಟ ತರಿಸಿದ್ದರು. 2024ರ ಚುನಾವಣೆಯ ನಂತರ ಮಾತು ಬಿಟ್ಟಿದ್ದಾರೆ. ನಾಡಗೀತೆ ಹಾಡುವಾಗ ಒಬ್ಬರು ಎಡಗಡೆಯ ಮೊದಲ ಸಾಲಿನಲ್ಲಿ, ಇನ್ನೊಬ್ಬರು ಬಲಗಡೆಯ ಕೊನೆಯ ಸಾಲಿನಲ್ಲಿ. ಊಟಕ್ಕೂ ಬೇರೆ ಬೇರೆ ಮೇಜು. ಯಾರ ಪರವಾಗಿ ಇವರು ಸ್ನೇಹ ಕಳೆದುಕೊಂಡರೋ, ಅವರಿಗೆ ಇವರಿಬ್ಬರ ಹೆಸರೂ ಗೊತ್ತಿಲ್ಲ.

ಪಕ್ಕದ ಮನೆಯಾಕೆಗೆ ಬಾಕಿ ಸಂಬಳ ಬಂದಿದೆ. ಬಂದ ವಾರವೇ ಎರಡು ದೊಡ್ಡ ಚೀಲ ಅಕ್ಕಿ ತಂದು ನೆಲಮಾಳಿಗೆಯಲ್ಲಿ ಇಳಿಸಿದರು. ಮೂರನೆಯ ಚೀಲ ಮನೆಯಲ್ಲಿಟ್ಟುಕೊಂಡಿದ್ದೇನೆ ಎಂದರು, ಏಕೆಂದರೆ ಅವರ ಇಲಾಖೆಗೆ ಆಗ ಮಂಜೂರಾಗಿದ್ದ ಹಣ 2026ರ ಜನವರಿ 30ರವರೆಗೆ ಮಾತ್ರ ಇತ್ತು.

ಈ ಶನಿವಾರ ದಿನಸಿ ತುಂಬಿಸಲು ಜನ ಸಾಲದು. ನಾಟಕದ ಆ ಇಬ್ಬರು ಹಿರಿಯರಿಗೂ ಫೋನ್ ಮಾಡಿದೆ, ಇನ್ನೊಬ್ಬರನ್ನೂ ಕರೆದಿದ್ದೇನೆ ಎಂದು ಮೊದಲೇ ಹೇಳಿದೆ. ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು ಬರುತ್ತೇನೆ ಎಂದರು. ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ನಾಳೆ ಮತ್ತೆ ಫೋನ್ ಮಾಡುತ್ತೇನೆ.