ನಮ್ಮನೆಯ ಕಲಬೆರಕೆ ಪ್ರಕರಣ

2022ರ ಡಿಸೆಂಬರ್‌ನಲ್ಲಿ ಆಫೀಸಿನವರು ಎಲ್ಲರಿಗೂ ಪುಕ್ಕಟೆ ರಕ್ತ ಪರೀಕ್ಷೆ ಮಾಡಿಸಿದರು. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ನನಗೆ ಅಭ್ಯಾಸ ಇಲ್ಲ. ತೋಳು ಚಾಚಿದೆ. ವಾರದ ಮೇಲೆ ರಿಪೋರ್ಟ್ ಬಂತು. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಅಂಕಿ, 6.1. ಈ ಅಂಕಿ 5.7 ಮುಟ್ಟಿದರೆ ಸಕ್ಕರೆ ಕಾಯಿಲೆಯ ಹೊಸಿಲಿಗೆ ಬಂದ ಹಾಗೆ, 6.5 ಆದರೆ ಒಳಗೇ ಹೋದ ಹಾಗೆ ಎಂದರು ಡಾಕ್ಟರು. ಅಂದರೆ ನಾನು ಸರಿಯಾಗಿ ಹೊಸಿಲ ಮೇಲೆ ಕೂತಿದ್ದೆ. ಹೊಸಿಲ ಮೇಲೆ ಕೂರಬೇಡ ಅಂತ ಅಮ್ಮ ಚಿಕ್ಕಂದಿನಿಂದ ಹೇಳುತ್ತಲೇ ಇದ್ದಳು.

"ಬಿಳಿ ಅನ್ನ ಕಡಿಮೆ ಮಾಡಿ. ತವುಡು ತೆಗೆಯದ ಧಾನ್ಯ ಜಾಸ್ತಿ ಮಾಡಿ" ಎಂದು ಬರೆದುಕೊಟ್ಟರು. ಹೇಳುವುದು ಸುಲಭ. ನಾವು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರು. ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ ಸಾರು, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ, ಮಜ್ಜಿಗೆ. ಊಟದಲ್ಲಿ ವೈವಿಧ್ಯ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಎಲ್ಲವೂ ಅಕ್ಕಿ ಅಷ್ಟೆ. ಊರಲ್ಲಿ ಭತ್ತ ಮಿಲ್ಲಿಗೆ ಹಾಕಿಸಿದರೆ ತವುಡು ನೇರ ಕೊಟ್ಟಿಗೆಗೆ ಹೋಗುತ್ತಿತ್ತು. ನಾರು, ಬಿ ವಿಟಮಿನ್ನು ಎಲ್ಲ ಇರುವುದು ಆ ತವುಡಿನಲ್ಲೇ ಅಂತೆ. ಇಷ್ಟು ವರ್ಷ ನಮ್ಮನೆಯಲ್ಲಿ ಸರಿಯಾಗಿ ಊಟ ಮಾಡಿದ್ದು ಎಮ್ಮೆ ಒಂದೇ.

ಮೊದಲು ಬ್ರೆಡ್ಡಿನಿಂದ ಶುರು ಮಾಡಿದೆ. ಕಂದು ಬಣ್ಣದ್ದು, ಕವರಿನ ಮೇಲೆ ಗೋಧಿ ತೆನೆಯ ಚಿತ್ರ, 'ಮಲ್ಟಿಗ್ರೇನ್' ಅಂತ ದಪ್ಪ ಅಕ್ಷರ. ಒಂದು ವಾರ ಎದೆ ಉಬ್ಬಿಸಿಕೊಂಡು ತಿಂದೆ. ಎಂಟನೇ ದಿನ ಕನ್ನಡಕ ಹಾಕಿಕೊಂಡಿದ್ದೆ, ಕವರಿನ ಹಿಂಭಾಗ ಕಣ್ಣಿಗೆ ಬಿತ್ತು. ಯಾವುದು ಹೆಚ್ಚು ಹಾಕಿದ್ದಾರೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲು ಇದ್ದದ್ದು ಮೈದಾ. ಧಾನ್ಯಗಳೆಲ್ಲ ಸಕ್ಕರೆ, ಎಣ್ಣೆ ಆದಮೇಲೆ ಮದುವೆ ಮನೆಯ ಕೊನೇ ಪಂಕ್ತಿಯವರ ಹಾಗೆ ಬಂದು ಕೂತಿದ್ದವು. ಬಣ್ಣಕ್ಕೆ ಕ್ಯಾರಮೆಲ್. ಬಿಸಿಲಿಗೆ ನಿಂತು ಕಪ್ಪಾದ ಮೈದಾವನ್ನು ನಾನು ಏಳು ದಿನ ಔಷಧಿಯ ಹಾಗೆ ತಿಂದಿದ್ದೆ.

ಆಮೇಲೆ ರಾಗಿ ಮುದ್ದೆ. ಹೆಂಡತಿ "ನನಗೆ ಬರಲ್ಲ, ನೀವೇ ಮಾಡಿ" ಎಂದು ಅಡುಗೆಮನೆ ಬಿಟ್ಟುಕೊಟ್ಟಳು. ಯೂಟ್ಯೂಬ್ ನೋಡಿ ನೀರು ಕುದಿಸಿ, ಹಿಟ್ಟನ್ನು ಗುಡ್ಡೆ ಹಾಕಿ, ಬೇಯಲು ಬಿಟ್ಟೆ. ಅಲ್ಲಿವರೆಗೆ ಸರಿ. ತಿರುವುವುದಕ್ಕೆ ಕೋಲು ಬೇಕು. ನಮ್ಮನೆಯಲ್ಲಿ ಎಲ್ಲಿಂದ ಬರಬೇಕು? ಚಪಾತಿ ಲಟ್ಟಣಿಗೆ ತೆಗೆದುಕೊಂಡೆ. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಲಟ್ಟಣಿಗೆ, ಮುಖದ ಮೇಲೆ ಹಬೆ. ಪಾತ್ರೆ ಒಂದು ಸುತ್ತು ಬಂತು, ನಾನೂ ಒಂದು ಸುತ್ತು ಬಂದೆ, ಹಿಟ್ಟು ಮಾತ್ರ ಇದ್ದಲ್ಲೇ ಇತ್ತು. ಅಂತೂ ಉಂಡೆ ಕಟ್ಟಿದೆ. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಮಗನಿಗೆ ಪಾಠ ಬೇರೆ ಹೇಳಿದೆ. ಅವನು ಮುರಿದು ನೋಡಿ, "ಅಪ್ಪಾ, ಒಳಗೆ ಪೌಡರ್ ಇದೆ" ಎಂದ. ಗೋಲಿಯಷ್ಟು ದೊಡ್ಡ ಗಂಟು. ಒಡೆದರೆ ಒಣ ಹಿಟ್ಟು ಹಾರುತ್ತಿತ್ತು.

ಉಳಿದ ಹಿಟ್ಟು ಡಬ್ಬಿ ಸೇರಿತು. ಕನಕದಾಸರು ಹೇಳಿದ ಕಥೆ ಗೊತ್ತಲ್ವಾ? ನಾನು ಮೇಲು, ತಾನು ಮೇಲು ಅಂತ ಅಕ್ಕಿಯೂ ರಾಗಿಯೂ ಜಗಳವಾಡಿದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟನಂತೆ. ಅಕ್ಕಿ ಕೆಟ್ಟಿತು, ರಾಗಿ ಗೆದ್ದಿತು. ನಮ್ಮನೆಯ ರಾಗಿಗೂ ಆರು ತಿಂಗಳೇ ಸೆರೆವಾಸ ಆಯಿತು. ಮುಚ್ಚಳ ತೆಗೆದಾಗ ಹುಳ ತುಂಬಿತ್ತು. ತಪ್ಪು ರಾಗಿಯದ್ದಲ್ಲ. ಕಾಳಾಗಿ ಇಟ್ಟಿದ್ದರೆ ವರ್ಷಗಟ್ಟಲೆ ಇರುತ್ತಿತ್ತು. ನಾನು ಹಿಟ್ಟು ಮಾಡಿಸಿ ಜೈಲಿಗೆ ಹಾಕಿದ್ದೆ.

ಇತ್ತ ರಾಗಿ ಹಿಟ್ಟು ಡಬ್ಬಿ ಸೇರುವಷ್ಟರಲ್ಲೇ 2023 ಬಂದಿತ್ತು. ವಿಶ್ವಸಂಸ್ಥೆ ಅದನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತು. ನನ್ನ ರಿಪೋರ್ಟ್ ಅವರಿಗೂ ಹೋಗಿತ್ತೇನೋ ಅನ್ನಿಸಿತು. ಜನವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿರಿಧಾನ್ಯ ಮೇಳ ನಡೆಯಿತು. ಹೋದೆ. ನವಣೆ, ಸಾಮೆ, ಊದಲು, ಹಾರಕ, ಕೊರಲೆ, ಬರಗು, ಒಂದೊಂದು ಎರಡೆರಡು ಕೆಜಿ ಹೊತ್ತು ತಂದೆ. ಆರು ಡಬ್ಬಿಗೆ ತುಂಬಿ ಚೀಟಿ ಅಂಟಿಸಿದೆ. ಒಂದು ವಾರ ಕುಕ್ಕರಿನ ಹಬೆ ಹೊಡೆದದ್ದೇ ಚೀಟಿಗಳೆಲ್ಲ ಉದುರಿ ಬಿದ್ದವು. ಸಾಮೆ ಯಾವುದು, ಊದಲು ಯಾವುದು, ಕೊರಲೆ ಯಾವುದು? ನನ್ನ ಕಣ್ಣಿಗೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಹಳದಿ ಬಣ್ಣ ಇದ್ದಿದ್ದರಿಂದ ನವಣೆ ಮಾತ್ರ ಗುರುತು ಸಿಕ್ಕಿತು.

ಬೇಯಿಸಿ ಬಡಿಸಿದರೆ ಯಾರೂ ತಿನ್ನಲಿಲ್ಲ. ಅಮ್ಮ "ಇದು ಹಕ್ಕಿ ಕಾಳಲ್ವನಾ" ಎಂದು ತಟ್ಟೆ ಸರಿಸಿದಳು. ಸುಳ್ಳಲ್ಲ, ಲವ್‌ಬರ್ಡ್ಸ್ ಸಾಕುವವರು ನವಣೆಯನ್ನೇ ಹಾಕುತ್ತಾರೆ. ಆಗ ನನಗೆ ಆ ದುರ್ಬುದ್ಧಿ ಬಂತು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಕ್ಕಿ ಡಬ್ಬಕ್ಕೆ ಎರಡು ಹಿಡಿ ನವಣೆ ಹಾಕಿ ಕೈಯಾಡಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಎರಡನೇ ವಾರ ನಾಲ್ಕು ಹಿಡಿ. ಮೂರನೇ ವಾರ ಧೈರ್ಯ ಜಾಸ್ತಿಯಾಗಿ ಅರ್ಧ ಡಬ್ಬಿಯನ್ನೇ ಸುರಿದೆ. ಕಳ್ಳನಿಗೆ ಯಾವತ್ತೂ ಮೂರನೇ ಸಲವೇ ಕೈ ತಡೆಯುವುದಿಲ್ಲ.

ಆ ರಾತ್ರಿಯಿಂದ ಮನೆಯಲ್ಲಿ ಎಲ್ಲರ ಹೊಟ್ಟೆಯೂ ಮಾತಾಡಲು ಶುರು ಮಾಡಿತು. ಅಭ್ಯಾಸ ಇಲ್ಲದ ಹೊಟ್ಟೆಗೆ ನಾರು ಒಮ್ಮೆಲೇ ಜಾಸ್ತಿ ಹೋದರೆ ಉಬ್ಬರ ಗ್ಯಾರಂಟಿ. ಅಮ್ಮ ಓಮದ ನೀರು ಕುದಿಸಿ ಎಲ್ಲರಿಗೂ ಕೊಟ್ಟಳು. "ಅಂಗಡಿಯವರು ಹೊಸ ಅಕ್ಕಿ ಕೊಟ್ಟಿದಾರೆ" ಅಂತ ತೀರ್ಪನ್ನೂ ಕೊಟ್ಟಳು. ನಾನು ಸುಮ್ನೆ ಓಮದ ನೀರು ಕುಡಿದೆ. ಅನ್ನದಲ್ಲಿ ಅಲ್ಲಲ್ಲಿ ಕರಕರ ಬೇರೆ. ನವಣೆಯನ್ನು ನಾಲ್ಕೈದು ಗಂಟೆ ನೆನೆಸಬೇಕಿತ್ತು. ಕದ್ದು ಬೆರೆಸುವವನು ನೆನೆಸುವುದು ಎಲ್ಲಿ?

"ಎಂತ ಮಾರಾಯ ಇದು, ಅಕ್ಕಿಯಾ ಮರಳಾ?" ಎಂದಳು ಅಮ್ಮ.

ಮರುದಿನ ಅಮ್ಮ ಊರಿಂದ ತಂದ ಗೆರಸಿ ಹಿಡಿದು ಬಾಲ್ಕನಿಯಲ್ಲಿ ಕೂತಳು. ಬೆಂಗಳೂರಿನವರು ಮೊರ ಅನ್ನುತ್ತಾರೆ. ಅಕ್ಕಿ ಹರವಿ ಒಂದು ಸಲ ಕೊಡವಿದಳು. ಸಾಸಿವೆಗಿಂತ ಚೂರು ದೊಡ್ಡ ಹಳದಿ ಕಾಳುಗಳು ಉರುಳಿಕೊಂಡು ಒಂದು ಅಂಚಿಗೆ ಬಂದು ನಿಂತವು. ನನಗೆ ಮೂರು ವಾರ ಹಿಡಿದ ಕೆಲಸವನ್ನು ಅವಳ ಗೆರಸಿ ಮುಕ್ಕಾಲು ಗಂಟೆಯಲ್ಲಿ ಬಗೆಹರಿಸಿತು. ಒಂದು ಹಿಡಿಯನ್ನು ಲೋಟದಲ್ಲಿ ಎತ್ತಿಟ್ಟು, ಉಳಿದದ್ದನ್ನು ಪಾರಿವಾಳಕ್ಕೆ ಚೆಲ್ಲಿದಳು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಿರಿಧಾನ್ಯದಿಂದ ಮೈಕೈ ತುಂಬಿಕೊಂಡವು ಅವು ಮಾತ್ರ.

ಆ ಲೋಟ ಯಾಕೆ ಅಂತ ಸಂಜೆ ಗೊತ್ತಾಯಿತು. ಆಫೀಸಿನಿಂದ ಬರುತ್ತಿದ್ದೆ. ಬೀದಿ ಕೊನೆಯ ದಿನಸಿ ಅಂಗಡಿ ಮುಂದೆ ಜನ. ನಡುವೆ ಅಮ್ಮ. ಕೈಯಲ್ಲಿ ಲೋಟ.

"ಮಗನಿಗೆ ಸಕ್ಕರೆ ಕಾಯಿಲೆ ಬರೋ ಹಾಗಿದೆ. ಅವನು ತಿನ್ನೋ ಅನ್ನಕ್ಕೆ ಹಕ್ಕಿ ಕಾಳು ಬೆರೆಸ್ತೀರಲ್ಲ, ನಿಮಗೂ ಮಕ್ಕಳಿಲ್ವಾ?"

ಅಂಗಡಿಯವರು ಎರಡು ಕಾಳು ಅಂಗೈಗೆ ಹಾಕಿ ತಿಕ್ಕಿ ನೋಡಿದರು. "ಅಮ್ಮಾ, ಇದು ನವಣೆ. ಅಕ್ಕಿ ಕೆಜಿಗೆ 60 ರೂಪಾಯಿ. ಇದು 110. ಅಕ್ಕಿಗೆ ಇದನ್ನ ಬೆರೆಸಿ ಮಾರಿದ್ರೆ ನಾನು ಅಂಗಡಿ ಮುಚ್ಚಿ ಕಾಶಿಗೆ ಹೋಗ್ಬೇಕು."

ಪಕ್ಕದಲ್ಲಿದ್ದ ಹೆಂಗಸೊಬ್ಬರು ಕೂಡಲೇ, "ಆ ಅಕ್ಕಿ ನಂಗೊಂದು ಐದು ಕೆಜಿ ಕೊಡಿ ಅಣ್ಣಾ" ಎಂದರು.

ನಾನು ಮೆಲ್ಲಗೆ ಮೆಡಿಕಲ್ ಸ್ಟೋರಿನ ಕಡೆ ತಿರುಗಿದೆ. ತಡವಾಗಿತ್ತು. "ಅಗೋ ಬಂದ ನನ್ನ ಮಗ. ಓದಿದವನು. ಅವನೇ ಹೇಳಲಿ" ಎಂದಳು ಅಮ್ಮ. ಹೇಳಿದೆ. ಅಷ್ಟು ಜನರ ಎದುರು, ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು, ಒಂದನೇ ವಾರದಿಂದ ಮೂರನೇ ವಾರದವರೆಗೆ ಎಲ್ಲವನ್ನೂ ಹೇಳಿದೆ. ಅಮ್ಮ ಲೋಟ ನನ್ನ ಕೈಗಿಟ್ಟು ಮನೆ ಕಡೆ ನಡೆದಳು. ಬಾಯಿ ಬಿಟ್ಟದ್ದು ರಾತ್ರಿ ಊಟಕ್ಕೆ ಕೂತಾಗಲೇ.

"ಬೆರೆಸೋದಾದ್ರೆ ನೆನೆಸಿ ಬೆರೆಸಬೇಕು ಅಂತಾದ್ರೂ ಗೊತ್ತಾಗಲ್ವನಾ ನಿನಗೆ?"

ಈಗ ವಾರಕ್ಕೆ ಮೂರು ದಿನ ಅವಳೇ ನವಣೆ ನೆನೆಸುತ್ತಾಳೆ. ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡುತ್ತಾಳೆ. ಮಗ ಕೇಳಿ ಹಾಕಿಸಿಕೊಳ್ಳುತ್ತಾನೆ. ಮುಂದಿನ ರಿಪೋರ್ಟಿನಲ್ಲಿ ನನ್ನ ಅಂಕಿ 5.9. ನವಣೆಯಿಂದಲೋ, ಹೆದರಿ ಮೈಸೂರುಪಾಕು ಬಿಟ್ಟಿದ್ದರಿಂದಲೋ. ಹೊಸಿಲಿಂದ ಎದ್ದಿಲ್ಲ, ಸ್ವಲ್ಪ ಸರಿದು ಕೂತಿದ್ದೇನೆ. ಉಳಿದ ಐದು ಡಬ್ಬಿಗಳ ಹೆಸರು ಇನ್ನೂ ಇತ್ಯರ್ಥವಾಗಿಲ್ಲ.

ಅಂಗಡಿಯವರಿಗೆ ಮಾತ್ರ ನಾನು ಇವತ್ತಿಗೂ ಸದರ. ಮೊನ್ನೆ ತಿಂಗಳ ಸಾಮಾನಿನ ಚೀಟಿ ಕೊಟ್ಟೆ. ಮೇಲಿಂದ ಕೆಳಗೆ ಓದಿ, ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು.

"ಸಾರ್, ಅಕ್ಕಿ ಹತ್ತು ಕೆಜಿ, ನವಣೆ ಎರಡು ಕೆಜಿ. ಬೇರೆ ಬೇರೆ ಕಟ್ಲಾ, ಇಲ್ಲೇ ಬೆರೆಸಿ ಕೊಡ್ಲಾ?"