ಹಳಿ ಒಬ್ಬರದು, ಗಾಡಿ ಇನ್ನೊಬ್ಬರದು

ಹೋದ ತಿಂಗಳು ಬರ್ಮಿಂಗ್‌ಹ್ಯಾಮ್‌ನಿಂದ ಲಂಡನ್‌ಗೆ ಬರುವಾಗ ಒಂದೇ ಪ್ರಯಾಣಕ್ಕೆ ಎರಡು ಸಲ ದುಡ್ಡು ಕೊಟ್ಟೆ. ಟಿಕೆಟ್ ಇತ್ತು. ನಿಲ್ದಾಣ ಅದೇ, ಹೋಗುವ ಊರೂ ಅದೇ. ಆದರೆ ನಾನು ಹತ್ತಿದ ರೈಲು ಬೇರೆ ಕಂಪನಿಯದಂತೆ. ಟಿಕೆಟ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಕಂಪನಿಯ ಹೆಸರು ಅಚ್ಚಾಗಿತ್ತು. ಚೆಕ್ ಮಾಡಲು ಬಂದ ಹುಡುಗಿ ಅದರ ಮೇಲೆ ಬೆರಳಿಟ್ಟು, "ಇದು ನಮ್ಮ ರೈಲಿಗೆ ನಡೆಯಲ್ಲ" ಅಂದಳು. ಪಾಪ, ಅವಳ ತಪ್ಪೇನಿಲ್ಲ.

ಹುಬ್ಬಳ್ಳಿಯಲ್ಲಿ ಪ್ಯಾಸೆಂಜರ್ ಟಿಕೆಟ್ ತಗೊಂಡು ಎಕ್ಸ್‌ಪ್ರೆಸ್ ಹತ್ತಿದರೆ ಟಿ.ಟಿ. ಬೈದಾನು, ದಂಡವೂ ಹಾಕಿಯಾನು. ಆದರೆ "ಇದು ನಮ್ಮ ಕಂಪನಿಯ ಟಿಕೆಟ್ ಅಲ್ಲ" ಅನ್ನುವ ಮಾತು ಅವನ ಬಾಯಲ್ಲಿ ಬರುವುದಿಲ್ಲ.

ಆ ರಾತ್ರಿ ಕಾಕಾಗೆ ಫೋನ್ ಮಾಡಿದೆ. ಅವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಇಲ್ಲಿನ ವ್ಯವಸ್ಥೆ ವಿವರಿಸಿದೆ. ಹಳಿ ಒಂದು ಸಂಸ್ಥೆಯದು, ರೈಲು ಓಡಿಸುವವರು ಬೇರೆ, ಬೋಗಿಗಳು ಬಾಡಿಗೆಗೆ ಕೊಡುವ ಮೂರನೆಯವರದು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲೋ ತಮ್ಮಾ, ಹಂಗಾದ್ರ ಗಾಡಿ ತಡ ಆದ್ರ ಯಾರ ಕೊರಳಪಟ್ಟಿ ಹಿಡೀಬೇಕು?"

ನನಗೆ ಉತ್ತರ ಗೊತ್ತಿತ್ತು, ಹೇಳಲು ಸಂಕಟವಾಯಿತು. ಯಾವ ತಡಕ್ಕೆ ಯಾರು ಹೊಣೆ ಎಂದು ತೀರ್ಮಾನಿಸುವುದಕ್ಕೇ ಇಲ್ಲಿ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿದ್ದಾರೆ. ತಡವಾದರೆ ಹೋಗಲಿ ಅನ್ನಬಹುದು, ಜೀವ ಹೋದರೆ? 2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಹತ್ತಿರ ಬಿರುಕು ಬಿಟ್ಟ ಹಳಿ ನೂರಾರು ಚೂರಾಗಿ ರೈಲು ಉರುಳಿತು. ನಾಲ್ಕು ಜನ ಸತ್ತರು. ಆ ಹಳಿ ಕೆಟ್ಟಿದೆ ಎಂದು ಮೊದಲೇ ಗೊತ್ತಿತ್ತು. ಹಳಿಯ ಒಡೆಯ ರೈಲ್‌ಟ್ರ್ಯಾಕ್ ಅನ್ನುವ ಖಾಸಗಿ ಕಂಪನಿ, ರಿಪೇರಿ ಮಾಡಬೇಕಾದವರು ಬೇರೆ ಗುತ್ತಿಗೆದಾರರು. ಅವರು ಇವರ ಕಡೆ, ಇವರು ಅವರ ಕಡೆ ಕೈ ತೋರಿಸುತ್ತಿದ್ದರೆ ಹಳಿಯನ್ನು ಬದಲಾಯಿಸುವವರು ಯಾರು? ಮರುವರ್ಷವೇ ರೈಲ್‌ಟ್ರ್ಯಾಕ್ ಮುಳುಗಿತು.

ನನಗೆ ಹೆಚ್ಚು ಸಿಟ್ಟು ಬರುವುದು ಬ್ರಿಟನ್ನಿನ ಎಡಪಂಥೀಯ ಲೇಬರ್ ಪಕ್ಷದ ಮೇಲೆ. ಆ ಪಕ್ಷ ಹುಟ್ಟಿದ್ದೇ ರೈಲ್ವೆ ಕೆಲಸಗಾರರ ಸಂಘ 1899ರಲ್ಲಿ ತಂದ ಒಂದು ಠರಾವಿನಿಂದ. 1948ರಲ್ಲಿ ಅದೇ ಪಕ್ಷದ ಪ್ರಧಾನಿ ಆಟ್ಲಿಯ ಸರ್ಕಾರ ರೈಲನ್ನು ಜನರದ್ದಾಗಿ ಮಾಡಿತು. ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಜಾನ್ ಮೇಜರ್ ಸರ್ಕಾರ 1993ರ ಕಾಯ್ದೆ ತಂದು ಅದನ್ನು ಹರಿದು ಹಂಚಿತು. 1997ರಲ್ಲಿ ಲೇಬರ್ ಗೆದ್ದಾಗ ವಾಪಸ್ ತರುತ್ತಾರೆ ಅಂತ ಜನ ಕಾದರು. ಹದಿಮೂರು ವರ್ಷ ಅಧಿಕಾರದಲ್ಲಿದ್ದರೂ ಹಳಿಯನ್ನಷ್ಟೇ ಖಾಸಗಿ ಕೈಯಿಂದ ಬಿಡಿಸಿದರು, ರೈಲುಗಳನ್ನು ಖಾಸಗಿಯವರ ಕೈಯಲ್ಲೇ ಬಿಟ್ಟರು. ಆಮೇಲೆ ಏನಾಯಿತು ನೋಡಿ. ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಇಟಲಿಯ ಸರ್ಕಾರಿ ರೈಲ್ವೆಗಳ ಕಂಪನಿಗಳು ಬಂದು ಇಲ್ಲಿ ರೈಲು ಓಡಿಸಿದವು. ಬೇರೆ ದೇಶದ ಸರ್ಕಾರ ಓಡಿಸಬಹುದು, ತಮ್ಮ ಸರ್ಕಾರ ಓಡಿಸಬಾರದು ಅಂದರೆ ಏನರ್ಥ?

ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ನೆನಪಾಗುತ್ತಾರೆ. 1974ರ ಮೇ ತಿಂಗಳ ರೈಲ್ವೆ ಮುಷ್ಕರದ ಮುಂದಾಳು ಅವರೇ. ಆ ಇಪ್ಪತ್ತು ದಿನ ಬಂಧನದ ಭಯಕ್ಕೆ ಕಾಕಾ ಮನೆಗೇ ಬರಲಿಲ್ಲವಂತೆ. ಮುಂದೆ ಅದೇ ಜಾರ್ಜ್ ರೈಲ್ವೆ ಮಂತ್ರಿಯಾದರು, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಕೇಂದ್ರದ ಜೊತೆ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳು ದುಡ್ಡು ಹಾಕಿದವು. ಕೆಲಸಗಾರನ ಪರ ನಿಂತವರು ಪ್ರಯಾಣಿಕರಿಗೆ ಹಳಿಯನ್ನೂ ಹಾಕಿಸಿದರು. ಎಡದವರು ಅಂದರೆ ನನಗೆ ಅದು.

ಈಗ ನಮ್ಮಲ್ಲೂ ಅದು ಕಾಣುತ್ತಿಲ್ಲ. "ಖಾಸಗೀಕರಣ ಬೇಡ" ಎಂದು ಬಾವುಟ ಹಿಡಿಯುತ್ತಾರೆ, ನಾನೂ ಹಿಡಿಯುತ್ತೇನೆ. ಆದರೆ ಜನರಲ್ ಬೋಗಿಯಲ್ಲಿ ಶೌಚಾಲಯದ ಬಾಗಿಲಿಗೆ ಒರಗಿ, ಮಗುವನ್ನು ತೊಡೆ ಮೇಲೆ ಇಟ್ಟುಕೊಂಡು ರಾತ್ರಿಯಿಡೀ ಬರುವ ಹೆಂಗಸಿಗಾಗಿ ಯಾವ ಯೂನಿಯನ್ ಮುಷ್ಕರ ಮಾಡಿದೆ? ರೈಲು ಅವಳದೂ ಹೌದಲ್ವಾ?

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಬ್ರಿಟನ್ನಿನ ರೈಲುಗಳಲ್ಲಿ 1994-95ರಲ್ಲಿ ಆದ ಪ್ರಯಾಣ ಸುಮಾರು 73 ಕೋಟಿ. 2018-19ಕ್ಕೆ ಅದು 175 ಕೋಟಿ ಆಯಿತು. ಅದು ನಡೆದದ್ದು ಖಾಸಗಿ ಕಂಪನಿಗಳ ಕಾಲದಲ್ಲೇ. ಸರ್ಕಾರದ ಕೈಯಲ್ಲಿದ್ದಾಗ, ನಷ್ಟದ ಮಾರ್ಗಗಳನ್ನು ಮುಚ್ಚಿ ಎಂದ ಬೀಚಿಂಗ್ ವರದಿ ಹಿಡಿದು 1960ರ ದಶಕದಲ್ಲಿ ಸಾವಿರಾರು ಮೈಲಿ ಹಳಿ ಮುಚ್ಚಿದ್ದೂ ನಿಜ.

2024ರಲ್ಲಿ ಕೊನೆಗೂ ಲೇಬರ್ ರೈಲುಗಳನ್ನು ಸರ್ಕಾರದ ಕೈಗೆ ತರುವ ಕಾಯ್ದೆ ತಂದಿತು. 2025ರ ಮೇ 25ರಂದು ಅದರ ಅಡಿ ಮೊದಲು ಸರ್ಕಾರದ ಕೈಗೆ ಬಂದದ್ದು ಲಂಡನ್ ಹತ್ತಿರದ ನಮ್ಮ ವೋಕಿಂಗ್ ಊರಿನ ಮೇಲೆ ಹೋಗುವ ರೈಲುಗಳು. ಹೆಸರು ಸೌತ್ ವೆಸ್ಟರ್ನ್ ರೈಲ್ವೆ. ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ ಇರುವ ನಮ್ಮ ನೈಋತ್ಯ ರೈಲ್ವೆಯ ಇಂಗ್ಲಿಷ್ ಹೆಸರೂ ಅದೇ! ಕಾಕಾಗೆ ಇದನ್ನು ಹೇಳಿದಾಗ ಖುಷಿಯಿಂದ ಜೋರಾಗಿ ನಕ್ಕರು. ನಗು ನಿಂತ ಮೇಲೆ ಕೇಳಿದರು: "ಛಲೋ ಆತು. ಮತ್ತ ಟಿಕೆಟ್ ರೇಟು ಇಳೀತೇನು?"

"ಇಳಿದಿಲ್ಲ ಕಾಕಾ. ಹಲವು ಟಿಕೆಟ್‌ಗಳ ದರ 2027ರ ಮಾರ್ಚ್‌ವರೆಗೆ ಏರಿಸಲ್ಲ ಅಂದಾರ."

"ಬೋಗಿ?"

"ಬೋಗಿ ಇನ್ನೂ ಬಾಡಿಗೀದ."